ಚಪ್ಪಲಿ ಬಿಚ್ಚಿಸದ ಶುಗರ್ ತಪಾಸಣೆ

ಶುಗರ್ ಇರುವವರ ತಪಾಸಣೆ ಹೇಗೆ ಮಾಡಬೇಕು ಅಂತ ಆಶಾ ಕಾರ್ಯಕರ್ತೆಯರಿಗೆ, ಉಪಕೇಂದ್ರದ ಸಿಸ್ಟರ್‌ಗಳಿಗೆ, ಸಿಎಚ್‌ಒಗಳಿಗೆ (ಸಮುದಾಯ ಆರೋಗ್ಯ ಅಧಿಕಾರಿಗಳಿಗೆ) ಕಲಿಸೋದು ಈಗ ನನ್ನ ಕೆಲಸ. ಹೆಚ್ಚಾಗಿ ಓಡಾಡೋದು ತುಮಕೂರು, ಹಾಸನದ ಕಡೆಯ ತಾಲ್ಲೂಕುಗಳಲ್ಲಿ. ಅದಕ್ಕೂ ಮುಂಚೆ ವರ್ಷಗಟ್ಟಲೆ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಕಾಲಿನ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವಾಗ ಅಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಹೆಬ್ಬೆರಳು ತೆಗೆಸಿಕೊಂಡು ಮಲಗಿದವರ ದಿಂಬಿನ ಕೆಳಗೆ ಶುಗರ್ ಚೀಟಿಗಳ ಕಟ್ಟೇ ಇರುತ್ತಿತ್ತು. ತಿಂಗಳು ತಿಂಗಳು ಬೆರಳು ಚುಚ್ಚಿಸಿಕೊಂಡಿದ್ದಾರೆ, ನಂಬರ್ ಬರೆಸಿಕೊಂಡಿದ್ದಾರೆ, ಮಾತ್ರೆ ತಗೊಂಡಿದ್ದಾರೆ. "ಕಾಲು ಯಾರಾದ್ರೂ ನೋಡಿದ್ರಾ?" ಅಂತ ಕೇಳಿದರೆ, "ಕಾಲು ಯಾಕೆ ನೋಡ್ತಾರೆ ಸಿಸ್ಟರ್, ನಂಗಿರೋದು ಶುಗರ್ ಅಲ್ವಾ" ಅನ್ನೋರು.

ಅವರ ತಪ್ಪೇನೂ ಇಲ್ಲ. ಅಷ್ಟು ವರ್ಷ ತಪಾಸಣೆ ಅಂದರೆ ಅವರು ಕಂಡಿದ್ದು ಬೆರಳು ಚುಚ್ಚೋದು ಮಾತ್ರ.

2023ರಲ್ಲಿ ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಅನ್ನೋದು ಅದರ ಅಂದಾಜು. ಇಷ್ಟು ಜನರನ್ನು ಸ್ಪೆಷಲಿಸ್ಟ್‌ಗಳೇ ನೋಡೋದು ಆಗದ ಮಾತು. ಪಿಎಚ್‌ಸಿ ಡಾಕ್ಟರಿಗೂ ಆಗಲ್ಲ, ಹೊರರೋಗಿಗಳ ಸಾಲು ಮುಗಿಯುವ ಹೊತ್ತಿಗೆ ಅವರಿಗೆ ಮೀಟಿಂಗ್ ಇರುತ್ತದೆ. ಹಾಗಾಗಿ ಕೆಲಸ ಕೆಳಗಿಳಿದು ಬಂತು. 2010ರಲ್ಲಿ ಶುಗರ್, ಹೃದಯದ ಕಾಯಿಲೆ, ಕ್ಯಾನ್ಸರ್ ಇವಕ್ಕೆಲ್ಲ ಅಂತ ಕೇಂದ್ರ ಸರ್ಕಾರದ ಕಾರ್ಯಕ್ರಮ ಶುರುವಾಯಿತು. 2018ರಿಂದ ಉಪಕೇಂದ್ರಗಳನ್ನೇ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಅಂತ ಮಾಡಿ, ಆರು ತಿಂಗಳ ಕೋರ್ಸ್ ಮುಗಿಸಿದ ಸಿಎಚ್‌ಒಗಳನ್ನು ಕೂರಿಸಿದರು. 30 ದಾಟಿದ ಎಲ್ಲರ ಮನೆಗೂ ಆಶಾ ಹೋಗಿ ಸಿಬ್ಯಾಕ್ ಫಾರಂ ತುಂಬಬೇಕು. ವಯಸ್ಸೆಷ್ಟು, ಬೀಡಿ ಹೊಗೆಸೊಪ್ಪು ಇದೆಯಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಶುಗರ್ ಬಿಪಿ ಇದೆಯಾ ಅಂತ ಕೇಳಿ ಅಂಕ ಕೊಡಬೇಕು. 4 ದಾಟಿದರೆ ಅವರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು. ನಮ್ಮ ರಾಜ್ಯದಲ್ಲಿ 2024ರಲ್ಲಿ ಗೃಹ ಆರೋಗ್ಯ ಅಂತ ಯೋಜನೆ ಬಂದ ಮೇಲೆ ಬಿಪಿ, ಶುಗರ್ ತಪಾಸಣೆ ಮನೆ ಬಾಗಿಲಿಗೇ ಬರುತ್ತಿದೆ.

ಇದೆಲ್ಲ ಒಳ್ಳೆಯದೇ, ನಾನು ಮನಸಾರೆ ಇದರ ಪರ. ಆದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಶುಗರ್ ಇದೆ ಅಂತ ಗೊತ್ತೇ ಇಲ್ಲದವರನ್ನು ಹುಡುಕೋದು ಒಂದು. ಈಗಾಗಲೇ ಶುಗರ್ ಇರುವವರನ್ನು ವರ್ಷಕ್ಕೊಮ್ಮೆ ತಲೆಯಿಂದ ಕಾಲಿನವರೆಗೆ ಸರಿಯಾಗಿ ನೋಡೋದು ಇನ್ನೊಂದು. ಮೊದಲನೆಯದಕ್ಕೆ ಫಾರಂ ಇದೆ, ಆ್ಯಪ್ ಇದೆ, ಟಾರ್ಗೆಟ್ ಇದೆ. ಎರಡನೆಯದು ಸುಮ್ನೆ ಜಾರಿಹೋಗುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯೇಟಿನಿನ್, ಕೊಲೆಸ್ಟ್ರಾಲ್, ಕಣ್ಣಿನ ಹಿಂಪದರದ ಪರೀಕ್ಷೆ, ಬಿಪಿ, ತೂಕ, ಕಾಲು. ಇಷ್ಟೂ ಆದರೆ ಮಾತ್ರ ಅದು ವರ್ಷದ ತಪಾಸಣೆ. ಇದರಲ್ಲಿ ಲ್ಯಾಬ್ ಬೇಕಾದ್ದು ಕೆಲವು, ಕಣ್ಣಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಲ್ಯಾಬ್, ಕರೆಂಟ್, ಮೆಷಿನ್ ಯಾವುದೂ ಬೇಡದ್ದು ಅಂದರೆ ಕಾಲು. ಅದನ್ನೇ ಯಾರೂ ಮಾಡಲ್ಲ.

ಯಾಕೆ ಮಾಡಲ್ಲ ಅಂತ ಯೋಚಿಸಿದಾಗಲೆಲ್ಲ ನನಗೆ ತರಬೇತಿಯೇ ನೆನಪಾಗುತ್ತದೆ. ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕುತ್ತಾರೆ. ಮೇದೋಜೀರಕ ಗ್ರಂಥಿಯ ಚಿತ್ರ ಬರುತ್ತದೆ. ಇನ್ಸುಲಿನ್ ಎಲ್ಲಿ ಹುಟ್ಟುತ್ತದೆ, ಟೈಪ್ 1 ಯಾವುದು, ಟೈಪ್ 2 ಯಾವುದು. ಮಧ್ಯಾಹ್ನ ಊಟ. ಊಟ ಆದ ಮೇಲೆ ಗ್ಲುಕೋಮೀಟರ್ ಎತ್ತಿ ತೋರಿಸುತ್ತಾರೆ, ಮುಂದಿನ ಸಾಲಿನ ಇಬ್ಬರು ಮುಟ್ಟಿ ನೋಡುತ್ತಾರೆ. ಕೊನೆಗೆ ಹತ್ತು ಪ್ರಶ್ನೆಗಳ ಹಾಳೆ. ಎಲ್ಲರೂ ಚೆನ್ನಾಗಿ ಬರೆಯುತ್ತಾರೆ, ಯಾಕಂದರೆ ನಮ್ಮ ಆಶಾಗಳು ನಿಜಕ್ಕೂ ಚುರುಕು. ಆದರೆ ಮುದ್ದೆ ಕಟ್ಟೋದು ನೋಡಿದರೆ ಬರಲ್ಲ, ಕೈಗೆ ಬಿಸಿ ತಾಗಿಯೇ ಬರೋದು. ತಪಾಸಣೆಯೂ ಹಾಗೇ.

ಗ್ಲುಕೋಮೀಟರನ್ನೇ ತಗೊಳ್ಳಿ. ಅದರಲ್ಲೇನಿದೆ ಕಲಿಯೋಕೆ ಅನ್ನಿಸಬಹುದು. ಆಶಾ ಮನೆಗೆ ಹೋದಾಗ ಆ ಹೆಂಗಸು ಬೆಲ್ಲ ಕುಟ್ಟುತ್ತಿರುತ್ತಾಳೆ, ಅಥವಾ ಈಗಷ್ಟೇ ಮಗುವಿಗೆ ಬಾಳೆಹಣ್ಣು ಸುಲಿದು ಕೊಟ್ಟಿರುತ್ತಾಳೆ. ಸೆರಗಿಗೆ ಕೈ ಒರೆಸಿಕೊಂಡು ಬೆರಳು ಚಾಚುತ್ತಾಳೆ. ಬೆರಳಿಗೆ ಅಂಟಿದ ಆ ಚೂರು ಸಿಹಿ ಸಾಕು, ಮೀಟರ್ ಇಲ್ಲದ ಶುಗರ್ ತೋರಿಸುತ್ತದೆ. ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೆರಳ ತುದಿಯ ಪಕ್ಕದಲ್ಲಿ ಚುಚ್ಚಬೇಕು. ನಡುವೆ ಚುಚ್ಚಿದರೆ ನೋವು ಜಾಸ್ತಿ, ಮುಂದಿನ ಸಲ ಕರೆದರೆ ಬರಲ್ಲ. ರಕ್ತ ಬರಲಿಲ್ಲ ಅಂತ ಬೆರಳನ್ನು ಹಿಂಡಬಾರದು. ಕೈ ಕೆಳಗೆ ಮಾಡಿ ಸ್ವಲ್ಪ ಕಾದರೆ ತಾನೇ ಬರುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಹಾಕಬೇಕು, ತೇವಾಂಶ ತಾಗಿದ ಸ್ಟ್ರಿಪ್ ಸುಳ್ಳು ಹೇಳುತ್ತದೆ. ಸೂಜಿ ಒಬ್ಬರಿಗೆ ಒಂದೇ, ಬಳಸಿದ್ದು ಗಟ್ಟಿ ಡಬ್ಬಿಗೇ ಹೋಗಬೇಕು, ಅವರ ಮನೆಯ ತಿಪ್ಪೆಗಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಮೀಟರಿಗೆ ಶೇ. 15ರಷ್ಟು ಆಚೀಚೆ ಆಗಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ನಿಜವಾಗಿ 200 ಇದ್ದರೆ ಅದು 170 ತೋರಿಸಬಹುದು, 230 ತೋರಿಸಬಹುದು, ಎರಡೂ ಸರಿಯೇ. ಇದನ್ನು ಹೇಳಿದಾಗ ಹಾಲ್‌ನಲ್ಲಿ ಗುಸುಗುಸು ಶುರುವಾಗುತ್ತದೆ. "ಹಾಗಾದ್ರೆ ಮೇಡಂ, ಹೋದ ತಿಂಗಳು 180 ಇತ್ತು, ಈ ತಿಂಗಳು 195 ಆಗಿದೆ ಅಂತ ಅವರನ್ನು ಬೈದು ಬಂದ್ನಲ್ಲ?" ಅಂತ ಒಬ್ಬರು ಕೇಳಿದ್ದರು. ಬಹಳ ಒಳ್ಳೆಯ ಪ್ರಶ್ನೆ. ಒಂದು ನಂಬರಿಗೆ ಬೈಯೋದೂ ಬೇಡ, ಒಂದು ನಂಬರಿಗೆ ಶಭಾಷ್ ಅನ್ನೋದೂ ಬೇಡ. ಮನೆ ಮನೆ ತಪಾಸಣೆಯಲ್ಲಿ ಯಾವುದೇ ಹೊತ್ತಲ್ಲಿ ನೋಡಿದ ಶುಗರ್ 140 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರ್ ಹತ್ತಿರ ಕಳಿಸಿ ಅನ್ನೋದು ನಿಯಮ. ಕಳಿಸಿ ಅಂತ ಅಷ್ಟೇ. ಜಗುಲಿ ಮೇಲೆ ನಾಲ್ಕು ಜನರ ಎದುರಿಗೆ "ನಿಮಗೆ ಶುಗರ್ ಬಂದಿದೆ" ಅಂತ ತೀರ್ಪು ಕೊಡೋದಲ್ಲ. ಖಾಲಿ ಹೊಟ್ಟೆಯಲ್ಲಿ 126, ಎಚ್‌ಬಿಎ1ಸಿ 6.5, ಈ ಗೆರೆಗಳನ್ನು ಲ್ಯಾಬ್‌ನಲ್ಲಿ ನೋಡಿ ಹೇಳೋದು ಡಾಕ್ಟರ್ ಕೆಲಸ.

ಬಿಪಿ ಬಗ್ಗೆ ಜಾಸ್ತಿ ಬರೆಯಲ್ಲ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿಸಿ, ಮಾತಾಡಿಸದೆ ನೋಡಬೇಕು. ಮಾತಾಡಿಸದೆ ಅನ್ನೋದೇ ನಮ್ಮ ಜನಕ್ಕೆ ಕಷ್ಟ.

ಕಾಲಿಗೆ ಬರೋಣ. ಶುಗರ್ ಬಹಳ ವರ್ಷ ಜಾಸ್ತಿ ಇದ್ದರೆ ಕಾಲಿನ ನರಗಳು ಸೋಲುತ್ತವೆ, ಸ್ಪರ್ಶ ಹೋಗುತ್ತದೆ. ಜೋಮು, ಉರಿ ಇದ್ದರೆ ಜನ ಬಂದು ಹೇಳುತ್ತಾರೆ. ಏನೂ ಗೊತ್ತಾಗದೆ ಇದ್ದರೆ ಹೇಳೋದು ಏನನ್ನು? ಹವಾಯಿ ಚಪ್ಪಲಿ ದಾರಿಯಲ್ಲಿ ಕಾಲಿಂದ ಜಾರಿದ್ದು ಗೊತ್ತಾಗದೆ ಮುಂದೆ ನಡೆದು ಹೋಗಿರುತ್ತಾರೆ. ಜಾಲಿ ಮುಳ್ಳು ಚಪ್ಪಲಿ ತೂರಿ ಪಾದಕ್ಕೆ ಚುಚ್ಚಿದ್ದರೂ ಸಂಜೆವರೆಗೆ ತೋಟದಲ್ಲಿ ಓಡಾಡಿರುತ್ತಾರೆ. ಚಳಿಗಾಲದಲ್ಲಿ ಹಂಡೆ ಒಲೆ ಮುಂದೆ ಕಾಲು ಕಾಯಿಸಿಕೊಂಡು ಸುಟ್ಟುಕೊಂಡಿರುತ್ತಾರೆ. ನೆಲದ ಮೇಲೆ ಮಲಗಿದಾಗ ಇಲಿ ಬೆರಳು ಕಡಿದರೂ ಎಚ್ಚರ ಆಗದವರ ಗಾಯ ನಾನೇ ತೊಳೆದಿದ್ದೇನೆ. ಅದರ ಜೊತೆಗೆ ರಕ್ತ ಓಡಾಟವೂ ಕಮ್ಮಿ ಆಗಿದ್ದರೆ ಗಾಯ ಮಾಯಲ್ಲ. ಸೋಂಕು ಏರುತ್ತದೆ, ಬೆರಳು ಹೋಗುತ್ತದೆ, ಆಮೇಲೆ ಪಾದ.

ನರ ಸೋತಿದೆಯಾ ಅಂತ ನೋಡಲು ಆಸ್ಪತ್ರೆಗಳಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ಮೊನೊಫಿಲಮೆಂಟ್ ಇರುತ್ತದೆ. ಅದೊಂದು ನೈಲಾನ್ ಎಳೆ, ಪಾದದ ಮೇಲೆ ಬಾಗುವವರೆಗೆ ಒತ್ತಿ ಗೊತ್ತಾಯ್ತಾ ಅಂತ ಕೇಳೋದು. ಕಂಪನ ಗೊತ್ತಾಗುತ್ತದಾ ಅಂತ ನೋಡಲು 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಕೂಡ ಬಳಸುತ್ತಾರೆ. ಇವು ಇದ್ದರೆ ಚೆಂದ. ಇಲ್ಲ ಅಂದರೂ ಕೈ ಬೆರಳು ಸಾಕು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯಲ್ಲಿ ರೂಪಿಸಿದ ಸರಳ ಪರೀಕ್ಷೆ ಒಂದಿದೆ, ನಾನು ಎಲ್ಲರಿಗೂ ಕಲಿಸೋದು ಅದನ್ನೇ. ಕಣ್ಣು ಮುಚ್ಚಿಸಿ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಬೆರಳ ತುದಿಗಳನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ತಟ್ಟಬೇಡಿ, ಚುಚ್ಚಬೇಡಿ, ಒತ್ತಬೇಡಿ. ಮುಟ್ಟಿದ್ದು ಗೊತ್ತಾದರೆ ಎಡ ಅಥವಾ ಬಲ ಅಂತ ಹೇಳಲಿ. ಹೇಳದೆ ಇದ್ದರೆ ಅದೇ ಬೆರಳನ್ನು ಇನ್ನೊಮ್ಮೆ ಮುಟ್ಟಬಾರದು. ಆರರಲ್ಲಿ ಎರಡು ಅಥವಾ ಜಾಸ್ತಿ ಕಡೆ ಗೊತ್ತಾಗದಿದ್ದರೆ ಸ್ಪರ್ಶ ಹೋಗಿರುವ ಸಾಧ್ಯತೆ ಇದೆ, ಕಳಿಸಿ. ಕಾಸು ಖರ್ಚಿಲ್ಲ.

ಕಾಸು ಖರ್ಚಿಲ್ಲ ಸರಿ, ಆದರೆ ಕಾಲು ಮುಟ್ಟೋದು ನಮ್ಮಲ್ಲಿ ಸುಲಭವಾ? ಇಲ್ಲಿಗೆ ಬಂದಾಗ ತರಬೇತಿಯ ನಿಜವಾದ ಕೆಲಸ ಶುರುವಾಗುತ್ತದೆ, ಯಾವ ಸ್ಲೈಡಿನಲ್ಲೂ ಇದು ಇರಲ್ಲ. ಆಶಾ ಬಗ್ಗಿ ಕೈ ಚಾಚಿದ ಕೂಡಲೇ ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. "ಅಯ್ಯೋ ಬಿಡವ್ವ, ನೀನ್ಯಾಕೆ ನನ್ನ ಕಾಲು ಹಿಡಿಯೋದು, ಪಾಪ ಬರುತ್ತೆ ನಂಗೆ." ಕೆಲವು ಮನೆಗಳಲ್ಲಿ ಆಶಾ ಯಾವ ಜಾತಿ ಅಂತ ನೋಡಿ ಜಗುಲಿಯಿಂದ ಒಳಗೆ ಬಿಡಲ್ಲ, ಮುಟ್ಟಿಸಿಕೊಳ್ಳೋದು ದೂರದ ಮಾತು. ಇನ್ನು ಕೆಲವು ಕಡೆ ಅದು ಉಲ್ಟಾ, ಆಶಾಗೇ ಮುಟ್ಟಲು ಮನಸ್ಸಿರಲ್ಲ. ಇದನ್ನು ಹಾಲ್‌ನಲ್ಲಿ ಬಾಯಿಬಿಟ್ಟು ಮಾತಾಡಲೇಬೇಕು. ಮುಚ್ಚಿಟ್ಟರೆ ಆಗೋದು ಇಷ್ಟೇ, ರಿಜಿಸ್ಟರಿನಲ್ಲಿ "ಪಾದ: ನಾರ್ಮಲ್" ಅಂತ ಬೀಳುತ್ತದೆ, ಪಾದ ಯಾರೂ ನೋಡಿರಲ್ಲ. ವಯಸ್ಸಿನ ಗಂಡಸರ ಕಾಲು ಮುಟ್ಟಲು ಹೊಸ ಆಶಾಗಳಿಗೆ ಮುಜುಗರ ಆಗುತ್ತದೆ, ಅದೂ ನಿಜವಾದ ತೊಂದರೆಯೇ. ಅಂಥ ಕಡೆ ಸೊಸೆಯನ್ನೋ ಮಗನನ್ನೋ ಕರೆದು ಪಕ್ಕದಲ್ಲಿ ಕೂರಿಸಿ ಅವರ ಕೈಯಲ್ಲೇ ಮುಟ್ಟಿಸಿ ಅಂತ ಹೇಳುತ್ತೇನೆ. ಆಶಾ ತೋರಿಸಿಕೊಟ್ಟರೆ ಸಾಕು. ಅದರಿಂದ ಇನ್ನೊಂದು ಲಾಭ, ಮನೆಯವರು ಕಲಿತುಬಿಡುತ್ತಾರೆ.

ಆಮೇಲೆ ಕಾಲುಂಗುರ. ಇದನ್ನು ನಾನು ಕಲಿತದ್ದು ಆಶಾಗಳಿಂದಲೇ. ಬೆರಳು ಊದಿದಾಗ ಕಾಲುಂಗುರ ಒಳಗೆ ಕೂತುಬಿಡುತ್ತದೆ, ಅದರ ಕೆಳಗೆ ತೇವ ನಿಂತು ಚರ್ಮ ಬೆಳ್ಳಗಾಗಿ ಬಿರಿಯುತ್ತದೆ. ತೆಗೀರಿ ಅಂದರೆ ಯಾವ ಮುತ್ತೈದೆಯೂ ಒಪ್ಪಲ್ಲ, ಒತ್ತಾಯ ಮಾಡಿದರೆ ಮುಂದಿನ ಸಲ ಬಾಗಿಲೇ ತೆಗೆಯಲ್ಲ. ಅದಕ್ಕೆ ಒಬ್ಬ ಆಶಾ ಮಾಡುತ್ತಿದ್ದ ರೀತಿ ನನಗೆ ಬಹಳ ಹಿಡಿಸಿತು. ತೆಗೀರಿ ಅನ್ನಲ್ಲ ಅವರು. ಕಾಲುಂಗುರಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ತಿರುಗಿಸುತ್ತಾರೆ, ಸ್ವಲ್ಪ ಮೇಲೆ ಸರಿಸಿ ಮೊಬೈಲ್ ಟಾರ್ಚ್ ಬಿಟ್ಟು ಸಂದು ನೋಡುತ್ತಾರೆ, ಆಮೇಲೆ ಒಣಬಟ್ಟೆಯಲ್ಲಿ ಎಣ್ಣೆ ಪೂರ್ತಿ ಒರೆಸುತ್ತಾರೆ. ಸರಿಯದೇ ಹೋದರೆ "ಅಕ್ಕಸಾಲಿಗರ ಹತ್ರ ಸ್ವಲ್ಪ ಸಡಿಲ ಮಾಡಿಸ್ಕೊಳಿ ಅಕ್ಕ" ಅನ್ನುತ್ತಾರೆ. ಹೀಗೆ ಸಂದು ನೋಡಿದಾಗಲೇ ಒಬ್ಬರ ಎರಡನೇ ಬೆರಳಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಗಾಯ ಸಿಕ್ಕಿತ್ತು. ಆ ಹೆಂಗಸಿಗೆ ಅದು ಗೊತ್ತೇ ಇರಲಿಲ್ಲ. ಅದೇ ವಾರ ಪಿಎಚ್‌ಸಿಯಲ್ಲಿ ಚಿಕಿತ್ಸೆ ಶುರುವಾಯಿತು, ಡ್ರೆಸ್ಸಿಂಗ್‌ನಲ್ಲೇ ಗುಣವಾಯಿತು. ವಾರ್ಡಿನಲ್ಲಿ ಎಂಥ ಗಾಯಗಳನ್ನು ನೋಡಿದ್ದೇನೋ ಅವೆಲ್ಲ ಶುರುವಾಗಿದ್ದು ಇಷ್ಟೇ ಚಿಕ್ಕದಾಗಿ ಅನ್ನಿಸಿ ನನಗೆ ಆವತ್ತು ತುಂಬ ಸಮಾಧಾನವಾಗಿತ್ತು.

ಅದಕ್ಕೇ ನನ್ನ ತರಬೇತಿಯಲ್ಲಿ ಬೆಳಗ್ಗೆಯೇ ಚಪ್ಪಲಿ ಬಿಡಿಸುತ್ತೇನೆ. ಇಬ್ಬಿಬ್ಬರು ಎದುರು ಬದುರು ಕೂತು ಒಬ್ಬರ ಕಾಲು ಒಬ್ಬರು ನೋಡಬೇಕು. ಮೊದಲು ನಗು, ನಾಚಿಕೆ. ಹಿಮ್ಮಡಿ ಒಡೆದಿದೆ ಅಂತ ಸೀರೆ ಎಳೆದು ಮುಚ್ಚಿಕೊಳ್ಳುತ್ತಾರೆ. ಅರ್ಧ ಗಂಟೆ ಕಳೆದರೆ ಸರಿಹೋಗುತ್ತದೆ. ಪಾದದ ಮೇಲ್ಭಾಗದಲ್ಲಿ ನಾಡಿ ಹುಡುಕೋದಕ್ಕೆ ಮಾತ್ರ ಟೈಮ್ ಬೇಕು. ಹೆಬ್ಬೆರಳಿನ ನೇರಕ್ಕೆ ಮೇಲೆ ಹೋಗಿ, ಎಲುಬಿನ ಪಕ್ಕ ಬೆರಳು ಹಗುರವಾಗಿ ಇಟ್ಟು ಕಾಯಬೇಕು, ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ. "ಸಿಕ್ತು!" ಅಂತ ಯಾರಾದರೂ ಕೂಗಿದಾಗ ಹಾಲ್ ಪೂರ್ತಿ ಅವರ ಕಡೆ ತಿರುಗುತ್ತದೆ. ಚಪ್ಪಲಿಯನ್ನೂ ತಿರುಗಿಸಿ ನೋಡಿಸುತ್ತೇನೆ, ಒಳಗೆ ಕೈ ಹಾಕಿ ಸವರಿ ಮುಳ್ಳು ಮೊಳೆ ಇದೆಯಾ ಅಂತ.

ಬೆರಳು ಚುಚ್ಚೋದನ್ನೂ ಅವರ ಮೇಲೇ ಅಭ್ಯಾಸ ಮಾಡಿಸುತ್ತೇವೆ, ಇಷ್ಟ ಇದ್ದವರಿಗೆ ಮಾತ್ರ. ಒಂದು ಸಲ ಒಬ್ಬರಿಗೆ 280ರ ಆಸುಪಾಸು ಬಂತು. ಕೈ ತೊಳೆದು ಮತ್ತೆ ನೋಡಿದರೂ ಹೆಚ್ಚುಕಮ್ಮಿ ಅಷ್ಟೇ. ಊರಲ್ಲಿ ಎಲ್ಲರ ಸೊಂಟದ ಅಳತೆ ತಗೊಂಡವರು, ತಮ್ಮದು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಪಕ್ಕದಲ್ಲಿದ್ದ ಆಶಾ ಮೀಟರನ್ನು ಮಗುಚಿಟ್ಟು, ಅವರನ್ನು ಹೊರಗೆ ವರಾಂಡಕ್ಕೆ ಕರೆದುಕೊಂಡು ಹೋಗಿ ಕೂತರು. ನಂಬರ್ ಹೇಗೆ ಹೇಳಬೇಕು, ಎಲ್ಲಿ ಹೇಳಬೇಕು ಅಂತ ನಾನು ಮಧ್ಯಾಹ್ನ ಕಲಿಸಬೇಕು ಅಂದುಕೊಂಡಿದ್ದೆ, ಅವರು ಮಾಡಿಯೇ ತೋರಿಸಿದರು. 2005ರಿಂದ ಆಶಾಗಳನ್ನು ಹೆರಿಗೆ, ಲಸಿಕೆ, ಪೋಲಿಯೊ, ಕೋವಿಡ್ ಅಂತ ಒಂದಾದ ಮೇಲೊಂದು ಕೆಲಸಕ್ಕೆ ಹಚ್ಚಿದ್ದೇವೆ. ಅವರ ಆರೋಗ್ಯ ಯಾರ ರಿಜಿಸ್ಟರಿನಲ್ಲೂ ಇಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನ ಜಾಸ್ತಿ ಮಾಡಿ ಅಂತ ಅವರು ಚಳಿಯಲ್ಲಿ ಕೂತಾಗ ನನ್ನ ಮನಸ್ಸು ಪೂರ್ತಿ ಅವರ ಕಡೆಗಿತ್ತು. ಹೊಸ ತಪಾಸಣೆ ಕಲಿಸುತ್ತೇವೆ ಅಂದರೆ ಆ ಕೆಲಸಕ್ಕೆ ಸಮಯ ಮತ್ತು ದುಡ್ಡು ಎರಡೂ ಕೊಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಟ್ಯಾಬ್ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಹರಿಯಾಣ ಮತ್ತು ನಮ್ಮ ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಅನ್ನೋ ಅಧ್ಯಯನ ನಡೆದಿತ್ತು, 2019ರಲ್ಲಿ ಪ್ರಕಟವಾಯಿತು. ಅರ್ಧ ಕೇಂದ್ರಗಳಲ್ಲಿ ನರ್ಸ್‌ಗಳಿಗೆ ಟ್ಯಾಬ್ಲೆಟ್, ಅದರಲ್ಲಿ ಚಿಕಿತ್ಸೆಗೆ ಸಲಹೆ ಕೊಡುವ ತಂತ್ರಾಂಶ. ಉಳಿದ ಅರ್ಧದಲ್ಲಿ ಅದಿಲ್ಲ, ಮಾಮೂಲಿ ಆರೈಕೆಯನ್ನೇ ಸುಧಾರಿಸಿದ್ದರು. ವರ್ಷದ ಕೊನೆಗೆ ಎರಡೂ ಕಡೆ ಬಿಪಿ, ಶುಗರ್ ಇಳಿದಿತ್ತು. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾನು ಟ್ಯಾಬಿಗೆ ವಿರೋಧಿ ಅಲ್ಲ. ಆದರೆ ಒಬ್ಬ ನರ್ಸ್ ಕೂತು, ಗಮನ ಕೊಟ್ಟು, ಮುಂದಿನ ಸಲ ಯಾವಾಗ ಬರಬೇಕು ಅಂತ ಹೇಳಿ, ಬರದಿದ್ದರೆ ವಿಚಾರಿಸೋದಕ್ಕೆ ಎಷ್ಟು ಬೆಲೆ ಇದೆ ಅಂತ ನನಗೆ ಅದರಿಂದ ಇನ್ನಷ್ಟು ಗಟ್ಟಿಯಾಯಿತು.

ಇನ್ನೊಂದು ಕಾರ್ಯಕ್ರಮದಿಂದ ನಾನು ನೇರವಾಗಿ ಕಲಿತಿದ್ದೇನೆ. 2004ರ ಸುಮಾರಿಗೆ ಭಾರತ ಮತ್ತು ಟಾಂಜಾನಿಯಾದಲ್ಲಿ ಸ್ಟೆಪ್ ಬೈ ಸ್ಟೆಪ್ ಅಂತ ಕಾಲಿನ ಆರೈಕೆಯ ತರಬೇತಿ ಶುರುವಾಗಿತ್ತು. ಅಲ್ಲಿ ಡಾಕ್ಟರ್ ಒಬ್ಬರೇ ಬರುವ ಹಾಗಿರಲಿಲ್ಲ, ನರ್ಸ್ ಒಬ್ಬರೇ ಬರುವ ಹಾಗೂ ಇರಲಿಲ್ಲ. ಒಂದೇ ಕಡೆ ಕೆಲಸ ಮಾಡುವ ಇಬ್ಬರು ಜೋಡಿಯಾಗಿ ಬಂದು ಕಲಿಯಬೇಕು, ವಾಪಸ್ ಹೋಗಿ ಮಾಡಬೇಕು, ವರ್ಷದ ಮೇಲೆ ಮತ್ತೆ ಬಂದು ಮುಂದಿನದನ್ನು ಕಲಿಯಬೇಕು. ಎಷ್ಟು ಸರಿಯಾದ ಯೋಚನೆ! ನಾವು ಆಶಾಗಳನ್ನು ಬೇರೆಯಾಗಿ ಕರೆದು ಕಲಿಸುತ್ತೇವೆ. ಅವರು ಊರಿಗೆ ಹೋಗಿ ಸ್ಪರ್ಶ ಹೋದ ಪಾದ ಹುಡುಕಿ, ಚೀಟಿ ಕೊಟ್ಟು ಕಳಿಸುತ್ತಾರೆ. ರೋಗಿ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಹತ್ತಿ ಆಸ್ಪತ್ರೆಗೆ ಹೋದರೆ ಅಲ್ಲಿ "ಗಾಯ ಏನೂ ಇಲ್ವಲ್ಲ, ಯಾಕೆ ಬಂದ್ರಿ" ಅಂತ ಕೇಳಿ ಅದೇ ಮಾತ್ರೆ ಕೊಟ್ಟು ಕಳಿಸುತ್ತಾರೆ. ಆ ರೋಗಿ ಮತ್ತೆ ಆಶಾ ಮಾತು ಕೇಳುತ್ತಾರಾ? ಆ ಆಶಾ ಇನ್ನೊಬ್ಬರ ಕಾಲು ನೋಡುತ್ತಾರಾ? ಒಂದೇ ಒಂದು ಸಲ ಹೀಗಾದರೆ ಸಾಕು, ನಾವು ಕಲಿಸಿದ್ದೆಲ್ಲ ಅಲ್ಲಿಗೇ ನಿಂತುಹೋಗುತ್ತದೆ.

ಅದಕ್ಕೆ ಈಗ ಎರಡು ವಿಷಯಕ್ಕೆ ಹಟ ಹಿಡಿದಿದ್ದೇನೆ. ತರಬೇತಿ ಆದ ಕೆಲವು ತಿಂಗಳಿಗೆ ಉಪಕೇಂದ್ರಕ್ಕೆ ಹೋಗಿ ಪಕ್ಕದಲ್ಲಿ ಕೂರೋದು. ಸಿಸ್ಟರ್ ತಪಾಸಣೆ ಮಾಡುತ್ತಾರೆ, ನಾನು ಬಾಯಿ ಬಿಡಲ್ಲ. ಮುಗಿದ ಮೇಲೆ ಮಾತಾಡುತ್ತೇವೆ. ಆಮೇಲೆ ಕಳಿಸಿಕೊಟ್ಟವರ ಪುಸ್ತಕ ತೆಗೆದು ಯಾರು ಹೋದರು, ಯಾರು ಹೋಗಲಿಲ್ಲ, ಹೋದವರಿಗೆ ಏನಾಯಿತು ಅಂತ ಒಂದೊಂದು ಹೆಸರೂ ನೋಡುತ್ತೇವೆ. ಸಿಕ್ಕಿಬೀಳೋದು ಬಹಳ ಸಲ ಒಂದೇ ಜಾಗದಲ್ಲಿ. ಲ್ಯಾಬಿನವರು ರಜೆ, ಅಥವಾ ಕಣ್ಣಿನ ಡಾಕ್ಟರ್ ಬರುವ ವಾರ ಯಾವುದು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಇಂಥವಕ್ಕೆ ಒಂದು ಫೋನ್ ನಂಬರ್, ಗೋಡೆ ಮೇಲೆ ಒಂದು ಹಾಳೆ ಸಾಕಾಗುತ್ತದೆ.

ಎರಡನೆಯದು, ಮುಂದಿನ ಬ್ಯಾಚಿನಿಂದ ಆಶಾಗಳ ಜೊತೆ ಅವರ ಸಿಎಚ್‌ಒ, ಪಿಎಚ್‌ಸಿಯ ಡಾಕ್ಟರ್, ಲ್ಯಾಬ್ ಟೆಕ್ನಿಷಿಯನ್ ಎಲ್ಲರನ್ನೂ ಒಂದೇ ಹಾಲ್‌ಗೆ ಕರೆಯಿರಿ ಅಂತ ಬರೆದುಕೊಟ್ಟಿದ್ದೇನೆ. ಡಾಕ್ಟರ್‌ಗಳು ಅರ್ಧ ದಿನ ಬರುತ್ತೇವೆ ಅಂದಿದ್ದಾರೆ. ಬೆಳಗಿನ ಅರ್ಧ ದಿನವೇ ಬನ್ನಿ ಅಂತ ಕೇಳಿಕೊಂಡಿದ್ದೇನೆ, ಚಪ್ಪಲಿ ಬಿಡಿಸೋದು ಬೆಳಗ್ಗೆಯೇ ಇರೋದರಿಂದ.